ಸೋರೆಬುರುಡೆ ಬಿಚ್ಚಿಟ್ಟ ಮಗಳು

ಕೊಳ್ಳೇಗಾಲದ ಮಹಾಜನರೇ, ಮಗ್ಗ ನಿಲ್ಲಿಸಿ ಇತ್ತ ಕೇಳಿ! ಇಂದು ಮಧುವನಹಳ್ಳಿಯ ತೋಟದ ಬಾವಿಯಲ್ಲಿ ನನ್ನ ಮಗಳು ಗೌರಿ ಜಯಭೇರಿ ಬಾರಿಸಿದಳು!

ಬೇಸಿಗೆ ರಜೆ ಶುರುವಾದಾಗಿನಿಂದ ತೇಲಲೆಂದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಅಲ್ಲಿ ಈಜು ಕಲಿಯುತ್ತಿದ್ದಾಳೆ. ಇವತ್ತು ಬಾವಿಯ ಯಜಮಾನರಾದ ಮಾದೇಗೌಡರು ಮೆಟ್ಟಿಲಿಗೆ ಅಡ್ಡ ನಿಂತರು.

“ನಾಳೆಯಿಂದ ಕರ್ಕಂಡು ಬರ್ಬೇಡ ಕಣಪ್ಪ. ಹೆಣ್ಣೈಕ್ಳು ಈಜು ಕಲ್ತು ಯಾವ ಹೊಳೆ ದಾಟ್ಬೇಕು?”

“ಹೆಣ್ಣೆಂದು ಹೀಗಳೆಯಬೇಡಿ!” ಎಂದು ನಾಟಕದ ಗಂಟಲಲ್ಲಿ ಗರ್ಜಿಸಿದೆ. ಬಾವಿಯ ಪಾರಿವಾಳಗಳೆಲ್ಲ ಹಾರಿಹೋದವು, ಗೌಡರು ಮಾತ್ರ ಅಲ್ಲಾಡಲಿಲ್ಲ.

“ಬುರುಡೆ ಬುಟ್ಟು ಆಚೆ ಗ್ವಾಡೆ ಮುಟ್ಲಿ. ಆಮೇಕೆ ನೋಡುವ.”

ಮಗಳು ಬುರುಡೆ ಬಿಚ್ಚಿ ನನ್ನ ಕೈಗಿಟ್ಟು ಧುಮುಕಿದಳು. ಅವಳು ಆಚೆ ಗೋಡೆ ಮುಟ್ಟಿ, ಈಜುತ್ತಲೇ ಮೆಟ್ಟಿಲಿಗೆ ವಾಪಸು ಬಂದಳು!

ಗೌಡರು ಪಕ್ಕಕ್ಕೆ ಸರಿದರು. “ರಜ ಮುಗಿಯಗಂಟ ಬರ್ಲಿ ಕಣಪ್ಪ. ಅದ್ಸರಿ, ನಿಂಗೆ ಈಜು ಬತ್ತದಾ?”

ನಾಟಕದ ರಂಗದ ಮೇಲೆ, ಗ್ಯಾಸ್‌ಲೈಟಿನ ಬೆಳಕಿನಲ್ಲಿ, ನೀಲಿ ರೇಷ್ಮೆ ಸೀರೆ ಅಲ್ಲಾಡಿಸಿ ಮಾಡಿದ ಹೊಳೆಯನ್ನು ಎಷ್ಟೋ ಸಲ ದಾಟಿದ ಮಹಾರಾಜ ನಾನು! ನಿಜವಾದ ನೀರಿಗೆ ಮೊಣಕಾಲಿಗಿಂತ ಆಳ ಇಳಿದವನಲ್ಲ.

“ಅಪ್ಪಂಗೆ ನಾನೇ ಕಲಿಸ್ತೀನಿ ಬುಡಿ ತಾತ,” ಎಂದಳು ಮಗಳು, ಜಡೆ ಹಿಂಡಿಕೊಳ್ಳುತ್ತಾ.

ಬುರುಡೆ ಇನ್ನೂ ನನ್ನ ಕೈಯಲ್ಲೇ ಇತ್ತು. ನಾಳೆ ಬೆಳಿಗ್ಗೆ ಅದನ್ನು ನನ್ನ ಬೆನ್ನಿಗೆ ಕಟ್ಟಿಕೊಂಡು, ಗುರುವಿಗೆ ಕೈಮುಗಿದು ಬಾವಿಗೆ ಇಳಿಯುತ್ತೇನೆ.