ಟೊರ್ಕಿಲ್ ಕೊಟ್ಟ ಸಾಲು

ಮೀನಿನ ಟೊರ್ಕಿಲ್‌ಗೆ ಇನ್ನು ಜನ್ಮದಲ್ಲಿ ತೇಗು ಬರೋದಿಲ್ಲವಂತೆ ಅನ್ನೋ ಸುದ್ದಿ ಅವನಿಗಿಂತ ಮುಂಚೆಯೇ ದ್ವೀಪ ಮುಟ್ಟಿತ್ತು. ಹೇಳಿದವಳು ಅವನ ಹೆಂಡತಿ ಓಯ್ರಿಗ್. ಆಸ್ಪತ್ರೆಯ ಫೋನಿನಿಂದ ಎದುರುಮನೆ ಪೆಗಿಗೆ ಮಾತ್ರ ಹೇಳಿದ್ದಳು. ಪೆಗಿಗೆ ಹೇಳಿದ ಮೇಲೆ ಲೂಯಿಸ್ ದ್ವೀಪದ ಈ ಉತ್ತರದ ತುದಿಯಲ್ಲಿ ಬೇರೆ ಯಾರಿಗಾದರೂ ಹೇಳೋ ಅಗತ್ಯ ಇರುತ್ತದೆಯೇ? ಗಂಡಹೆಂಡತಿ ಹಡಗಿಳಿದು ಮನೆ ಸೇರಿ ಕೆಟಲ್ ಇಡುವಷ್ಟರಲ್ಲಿ ಪೆಗಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೋಸಿದ ಕುರಿಸಾರಿನ ಪಾತ್ರೆ.

"ಏನೋ ಟೊರ್ಕಿಲ್, ನಿನ್ನ ಹೊಟ್ಟೆಯ ಬಾಯಿಗೆ ಗಂಟು ಹಾಕಿ ಕಳಿಸಿದರಂತೆ? ಓಯ್ರಿಗ್, ಹೋಗಿದ್ದು ಹೋದೆ, ಅದೇ ಡಾಕ್ಟರ ಹತ್ತಿರ ನನ್ನ ಗಂಡನ ಬಾಯಿಗೂ ಒಂದು ಗಂಟು ಮಾತಾಡಿಕೊಂಡು ಬರಬಾರದಿತ್ತೇನೆ!"

ನಗು ಬಂತು ಟೊರ್ಕಿಲ್‌ಗೆ. ನಕ್ಕರೆ ಹೊಲಿಗೆ ಜಗ್ಗಿತು. ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ.

ಹದಿನೈದು ವರ್ಷದಿಂದ ಹುಳಿನೀರು ಅವನ ಪ್ರಾಣ ತಿಂದಿತ್ತು. ಬಗ್ಗಿ ಮೀನಿನ ಪೆಟ್ಟಿಗೆ ಎತ್ತಿದರೆ ಎದೆಯಿಂದ ಗಂಟಲಿಗೆ ಬೆಂಕಿ ಏರುತ್ತಿತ್ತು. ಮಲಗಿದರೂ ಅದೇ ಪಾಡು. ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಆದರೂ ಅವನು ಹೊಟ್ಟೆ ಕುಯ್ಯಿಸಿಕೊಳ್ಳಲು ಒಪ್ಪಿದ್ದು ಉರಿಗಾಗಿ ಅಲ್ಲವೇ ಅಲ್ಲ. ಉರಿಯನ್ನು ನಮ್ಮೂರ ಗಂಡಸರು ಸಾಯೋವರೆಗೂ ಸಹಿಸುತ್ತಾರೆ, ಅದರಲ್ಲಿ ಅವರಿಗೊಂದು ಜಂಬ ಕೂಡ. ಅವನು ಒಪ್ಪಿದ್ದು ದನಿಗಾಗಿ.

ನಮ್ಮ ಚರ್ಚಿನಲ್ಲಿ ವಾದ್ಯ ಇಲ್ಲ. ತಂದಿಟ್ಟರೆ ಅರ್ಧ ಸಭೆ ಎದ್ದು ಮನೆಗೆ ಹೋಗುತ್ತದೆ. ಪಾದ್ರಿಯ ಪೀಠದ ಕೆಳಗೆ ಕಟಕಟೆಯಂಥ ಒಂದು ಮರದ ಆಸನ ಇದೆ, ಸಭೆಗೆ ಮುಖ ಮಾಡಿಕೊಂಡು. ಅಲ್ಲಿ ಕೂತವನು ಕೀರ್ತನೆಯ ಒಂದೊಂದೇ ಸಾಲನ್ನು ಒಬ್ಬನೇ ಮುಂಚೆ ಹೇಳಬೇಕು. ಅವನ ಬಾಯಿಂದ ಅದನ್ನು ಎತ್ತಿಕೊಂಡು ಸಭೆ ಎಳೆದೆಳೆದು, ಒಬ್ಬೊಬ್ಬರು ರಾಗವನ್ನು ಒಂದೊಂದು ಕಡೆ ಅಲೆದಾಡಿಸಿ ಹಾಡುತ್ತದೆ. ಅದು ಮುಗಿಯುವ ಮುನ್ನವೇ ಅವನ ದನಿ ಮೇಲೆದ್ದು ಮುಂದಿನ ಸಾಲು ಕೊಡಬೇಕು. ಟೊರ್ಕಿಲ್‌ನ ತಂದೆ ಸಾಲು ಕೊಟ್ಟವನು. ತಂದೆ ತೀರಿಕೊಂಡ ಮೇಲೆ ಟೊರ್ಕಿಲ್ ಕೂತ. ಎಂಥ ದನಿ ಅಂತೀರಿ! ಪಕ್ಕದ ಸಭೆಗಳವರು, ಪ್ರಭುವಿನ ಹೆಸರಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ದಿನಗಳಿಗೆ ಬಂದರೆ ಪಾದ್ರಿಯ ಪ್ರಸಂಗ ಮರೆತು ಇವನ ಸಾಲನ್ನು ಮನೆಗೆ ಒಯ್ಯುತ್ತಿದ್ದರು. ಉಳಿದ ಆರು ದಿನ ಅವನು ವ್ಯಾನಿನಲ್ಲಿ ಮನೆಮನೆಗೆ ಮೀನು ಮಾರುವವ, ಅಷ್ಟೇ. ಮೀನು ಯಾರು ಬೇಕಾದರೂ ಮಾರಬಹುದು, ಅದು ಅವನಿಗೂ ಗೊತ್ತಿತ್ತು.

ಆ ದನಿಯನ್ನು ಹುಳಿ ಸುಟ್ಟುಹಾಕಿತ್ತು. ಮೊದಮೊದಲು ಒಡೆಯಿತು, ಆಮೇಲೆ ಗೊಗ್ಗರಾಯಿತು. ಕೊನೆಗೆ ಒಂದು ಭಾನುವಾರ ಸಾಲಿನ ನಡುವೆ ಪೂರ್ತಿ ನಿಂತೇಹೋಗಿ, ಮುಂದಿನ ಬೆಂಚಿನಿಂದ ಸ್ಕೂಲ್ ಬಸ್ಸಿನ ಡ್ರೈವರ್ ಫಿನ್ಲೆ ಎತ್ತಿಕೊಡಬೇಕಾಯಿತು.

ಸರ್ಜನ್ ಸುತ್ತಿಬಳಸಿ ಹೇಳಲಿಲ್ಲ. "ಹುಳಿ ಮೇಲೆ ಬರೋದು ನಿಲ್ಲುತ್ತೆ, ಅದಕ್ಕೆ ನಾನು ಜವಾಬ್ದಾರಿ. ದನಿಯ ಮಾತು ಬೇರೆ. ಸುಟ್ಟಿದ್ದು ಸುಟ್ಟ ಹಾಗೇ ಉಳಿಯಬಹುದು, ಬಂದರೂ ಬರಬಹುದು." ಟೊರ್ಕಿಲ್ ಕೇಳಿಸಿಕೊಂಡಿದ್ದು ಕೊನೆಯ ಎರಡು ಮಾತು.

ಬೇಸಗೆಯೆಲ್ಲ ಸಾರು, ಗಂಜಿ, ನುಣ್ಣಗೆ ಹಿಸುಕಿದ ಆಲೂಗಡ್ಡೆಯಲ್ಲೇ ಕಳೆಯಿತು. ಒಂದು ದಿನ ಆಸೆ ತಡೆಯದೆ ಬ್ರೆಡ್ಡಿನ ಚೂರು ಬಾಯಿಗೆ ಹಾಕಿಕೊಂಡ. ಅದು ಎದೆಯ ನಡುವೆ ಸಿಕ್ಕಿಕೊಂಡು ಕೆಳಗೂ ಇಳಿಯದು, ಮೇಲೂ ಬಾರದು. ಬೆವತುಹೋದ. ವಾಂತಿ ಮಾಡೋಣ ಅಂದರೆ ಆ ದಾರಿಯನ್ನೂ ಡಾಕ್ಟರು ಮುಚ್ಚಿಟ್ಟಿದ್ದರು. ಹೊಟ್ಟೆಯೊಳಗೆ ಗಾಳಿ ತುಂಬಿ ತಮಟೆಯಂತಾಗೋದು, ತೇಗಿ ಹಗುರಾಗುವ ಸುಖ ಇಲ್ಲ. ಆ ಗಾಳಿ ಬೇರೆ ದಾರಿ ಹುಡುಕೋದು. ಅದಕ್ಕೇ ಜನ ಬಂದರೆ ಟೊರ್ಕಿಲ್ ಎದ್ದು ಕುರಿದೊಡ್ಡಿಯ ಕಡೆ ನಡೆದುಬಿಡುತ್ತಿದ್ದ. ಮೂವತ್ತು ಕಿಲೋ ತೂಕ ಇಳಿದ. ಕೋಟು ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು.

ಇಷ್ಟಾದರೂ ಅವನ ಮುಖದಲ್ಲೊಂದು ಕಳೆ ಇತ್ತು. ಉರಿ ಹೋಗಿತ್ತಲ್ಲ! ಭಾರ ಎತ್ತಬಾರದೆಂದು ವ್ಯಾನು ಅಂಗಳದಲ್ಲೇ ನಿಂತಿತ್ತು. ಅದರೊಳಗೆ ಕೂತು, ಕಿಟಕಿ ಏರಿಸಿ, ತಂದೆ ಕಲಿಸಿದ ರಾಗಗಳನ್ನು ಮೆಲ್ಲಗೆ ಎಳೆಯುತ್ತಿದ್ದ. ಮುಚ್ಚಿದ ವ್ಯಾನಿನಲ್ಲಿ ಯಾರ ದನಿಯಾದರೂ ದೊಡ್ಡದಾಗಿಯೇ ಕೇಳಿಸುತ್ತದೆ. ಅಷ್ಟು ಬುದ್ಧಿ ಅವನಿಗಿತ್ತು, ಆದರೆ ಆಸೆ ಎದುರಿಗೆ ಬುದ್ಧಿಯನ್ನು ಯಾರು ಕೇಳುತ್ತಾರೆ?

"ಹೇಗಿದೆಯೇ?" ಅಂತ ಒಳಗೆ ಬಂದು ಓಯ್ರಿಗ್‌ಳನ್ನು ಕೇಳಿದ.

"ಚೆನ್ನಾಗಿದೆ ಕಣೋ. ಬರ್ತಾ ಇದೆ," ಅಂದಳು ಅವಳು, ಆಲೂಗಡ್ಡೆ ಹಿಸುಕುತ್ತಾ.

ಸೆಪ್ಟೆಂಬರಿನಲ್ಲಿ ಫಿನ್ಲೆ ತಾನೇ ಬಂದ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ನಿನ್ನ ಜಾಗ ನೀನು ತಗೋ ಮಾರಾಯ. ನನಗೆ ಸಾಲು ಕೊಡೋದಂದ್ರೆ ಬಸ್ಸು ರಿವರ್ಸ್ ತೆಗೆದ ಹಾಗೇ, ಹಿಂದೆ ಏನಾಗ್ತಿದೆ ಅಂತಾನೇ ಗೊತ್ತಾಗಲ್ಲ," ಅಂದ.

"ನನ್ನ ದನಿ ಸಾಲುತ್ತಾ ಫಿನ್ಲೆ? ನಿಜ ಹೇಳು."

ಫಿನ್ಲೆ ಟೋಪಿಯ ಅಂಚನ್ನು ಸವರಿದ. "ಸಭೆ ಇದೆಯಲ್ಲ. ಎತ್ತಿಕೊಳ್ಳುತ್ತೆ."

ಎತ್ತಿಕೊಂಡಿತು ಕೂಡ. ಆ ಭಾನುವಾರ ಟೊರ್ಕಿಲ್ ಕಟಕಟೆಯೊಳಗೆ ಕೂತು, ಗದ್ದ ಎತ್ತಿ ಮೊದಲ ಸಾಲು ಹಿಡಿದ. ಒಳಗೆ ಅವನ ತಲೆಬುರುಡೆಯಲ್ಲಿ ಅದು ಗುಂಯ್ ಅಂತು. ಗದ್ದ ಇಳಿಸಿದ ಕ್ಷಣವೇ ಸಭೆ ಅಲೆಯಂತೆ ಎದ್ದಿತು, ಒಂದು ಸಾಲೂ ಜಾರಲಿಲ್ಲ. ಬಾಗಿಲಲ್ಲಿ ಎಲ್ಲರೂ ಕೈ ಕುಲುಕಿದರು. ಪೆಗಿ ಕಣ್ಣೊರೆಸಿಕೊಂಡಳು. ಟೊರ್ಕಿಲ್ ಆವತ್ತು ಮನೆಗೆ ನಡೆದುಕೊಂಡೇ ಹೋದ, ಎದುರುಗಾಳಿಗೆ ಕೋಟಿನ ಗುಂಡಿಯನ್ನೂ ಹಾಕಿಕೊಳ್ಳಲಿಲ್ಲ. ದೇವರು ತನ್ನನ್ನು ಮರೆತಿಲ್ಲ ಅನ್ನಿಸಿತ್ತು ಅವನಿಗೆ. ಅಂಥ ಸಂತೋಷ ಅವನಿಗೆ ಮತ್ತೆ ಬರಲಿಲ್ಲ.

ಅಕ್ಟೋಬರಿನ ಪ್ರಭುಭೋಜನ ಬಂತು. ಗುರುವಾರದ ಉಪವಾಸದಿಂದಲೇ ಬೇರೆ ಊರಿನವರು ಬಂದು ಮನೆಮನೆಯಲ್ಲಿ ತುಂಬಿಕೊಂಡರು. ಓಯ್ರಿಗ್‌ಳ ಅಡುಗೆಮನೆಯಲ್ಲಿ ನಿಲ್ಲಲು ಜಾಗ ಇಲ್ಲ. ಭಾನುವಾರ ಒಲೆ ಮುಂದೆ ಹೆಚ್ಚು ಕೆಲಸ ಇರಬಾರದೆಂದು ಶನಿವಾರವೇ ಆಲೂಗಡ್ಡೆ ಸುಲಿದು ನೀರಲ್ಲಿಟ್ಟಾಗಿತ್ತು. ಭಾನುವಾರ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಪಾದ್ರಿ ಕೀರ್ತನೆ ಸೂಚಿಸಿದರು. ಕೆಸರಿನ ಗುಂಡಿಯಿಂದ ಮೇಲೆತ್ತಿದ ದೇವರಿಗೆ ಸ್ತುತಿ ಹೇಳುವ ಕೀರ್ತನೆ ಅದು, ಟೊರ್ಕಿಲ್‌ಗೆ ಬಾಯಿಪಾಠ. ಆದರೆ ಆವತ್ತು ಮನಸ್ಸೆಲ್ಲ ಗಂಟಲಲ್ಲಿತ್ತು. ಬೆಳಿಗ್ಗೆ ತಿಂದ ಗಂಜಿ ಉಬ್ಬಿ ಪಕ್ಕೆಲುಬು ಒತ್ತುತ್ತಿತ್ತು. ಬಾಯಿಪಾಠ ನಂಬದೆ ಪುಸ್ತಕ ನೋಡಿಕೊಂಡೇ ಸಾಲು ಕೊಡುತ್ತಾ ಹೋದ. ಪುಟ ತಿರುವಿದ. ತೇವಕ್ಕೆ ಎರಡು ಹಾಳೆ ಅಂಟಿಕೊಂಡಿದ್ದವು, ಎರಡೂ ಒಟ್ಟಿಗೆ ತಿರುಗಿದವು.

ನಮ್ಮ ಕೀರ್ತನೆಗಳೆಲ್ಲ ಒಂದೇ ಅಳತೆಯವು. ಯಾವ ಸಾಲನ್ನು ಯಾವ ರಾಗಕ್ಕೆ ಇಟ್ಟರೂ ಕೂರುತ್ತದೆ, ನಾಲಿಗೆ ತಡವರಿಸೋದಿಲ್ಲ. ಟೊರ್ಕಿಲ್ ಬೇರೆ ಯಾವುದೋ ಕೀರ್ತನೆಯ, ಭಕ್ತನ ಸಾವನ್ನೇ ಕಾಯುವ ಶತ್ರುಗಳ ಸಾಲನ್ನು ಗದ್ದ ಎತ್ತಿ ಪೂರ್ತಿಯಾಗಿ, ಸ್ಪಷ್ಟವಾಗಿ ಕೊಟ್ಟ. ಕೊಟ್ಟು ಮುಗಿಸಿದ ಮೇಲೆ ತಪ್ಪು ಹೊಳೆಯಿತು. ಈಗ ಇಡೀ ಸಭೆ, ಪರವೂರಿನವರ ಎದುರಿಗೆ, ಪ್ರಭುವಿನ ಮೇಜಿನ ಎದುರಿಗೆ ಮುಗ್ಗರಿಸುತ್ತದೆ ಅಂತ ಕಣ್ಣು ಮುಚ್ಚಿಕೊಂಡ.

ಸಭೆ ಮುಗ್ಗರಿಸಲಿಲ್ಲ. ಬಂಡೆಯ ಮೇಲೆ ಭಕ್ತನ ಕಾಲನ್ನು ನಿಲ್ಲಿಸಿದ ದೇವರ ಸಾಲನ್ನು, ಸರಿಯಾದ ಸಾಲನ್ನು, ಚಾಚೂ ತಪ್ಪದೆ ಎತ್ತಿಕೊಂಡಿತು.

ಕಣ್ಣು ತೆರೆದ. ಯಾರೂ ತಲೆ ಎತ್ತಿರಲಿಲ್ಲ, ಯಾರ ಹುಬ್ಬೂ ಗಂಟಿಕ್ಕಿರಲಿಲ್ಲ. ಎಲ್ಲರ ಕಣ್ಣೂ ಪುಸ್ತಕದ ಮೇಲೆ. ಮುಂದಿನ ಬೆಂಚಿನ ಫಿನ್ಲೆ ಮಾತ್ರ ಓರೆಗಣ್ಣಿನಿಂದ ಅವನ ಗದ್ದವನ್ನೇ ನೋಡುತ್ತಿದ್ದ. ಅದು ಯಾವಾಗ ಇಳಿಯುತ್ತದೋ ಆಗ ಶುರು ಮಾಡಲು.

ಆಮೇಲಿನ ಸಾಲುಗಳನ್ನು ಅವನು ಹೇಗೆ ಕೊಟ್ಟನೋ ಅವನಿಗೇ ತಿಳಿಯದು. ರೊಟ್ಟಿಯ ಚೂರು ಕೈಗೆ ಬಂದಾಗ ನುಂಗಲಾಗದೆ ಬಾಯಲ್ಲೇ ನೆನೆಸಿಟ್ಟುಕೊಂಡ.

ಪ್ರಭುಭೋಜನ ಮುಗಿದು ನೆಂಟರೆಲ್ಲ ಹೋದ ಮೇಲೆ, ಮಂಗಳವಾರ, ಪಾತ್ರೆ ಒರೆಸುತ್ತಿದ್ದ ಓಯ್ರಿಗ್‌ಳನ್ನು ಕೇಳಿದ: "ಭಾನುವಾರ ಪುಟ ತಿರುವಿದ ಮೇಲೆ ನಾನು ಯಾವ ಸಾಲು ಕೊಟ್ಟೆ, ನೆನಪಿದೆಯಾ?"

"ಇಲ್ಲದೆ ಏನು? ಬಂಡೆಯ ಸಾಲು. ಎಷ್ಟು ಚೆನ್ನಾಗಿ ಕೊಟ್ಟೆ."

"ಕಿವಿಯಾರೆ ಕೇಳಿದೆಯಾ?"

"ಅಯ್ಯೋ, ಇದೆಂಥ ಪೊಲೀಸ್ ವಿಚಾರಣೆ! ಕೇಳದೆ ಹಾಡಿದೆನಾ ನಾನು?"

ಮೂರನೇ ಬೆಂಚಿನಲ್ಲಿ ಕೂರುವವಳು ಅವಳು. ಅಷ್ಟು ಹತ್ತಿರ ಕೂತವಳಿಗೇ ಕೇಳಿಸಿಲ್ಲ. ಆದರೂ ಮನುಷ್ಯ ನೋಡಿ, ಅಷ್ಟರಲ್ಲೂ ಒಂದು ಎಳೆ ಹಿಡಿದುಕೊಂಡ. ಇವಳು ನನ್ನ ತಪ್ಪು ಮುಚ್ಚುತ್ತಿರಬಹುದು, ತಪ್ಪು ಸಾಲು ಕೇಳಿಸಿದ್ದರೂ ಸರಿಯಾದದ್ದೇ ಕೇಳಿಸಿತು ಅನ್ನುತ್ತಿರಬಹುದು. ಕೇಳಿಸಿರಲಿ, ತಪ್ಪೇ ಕೇಳಿಸಿರಲಿ ದೇವರೇ, ಅಂತ ವಾರವೆಲ್ಲ ಬೇಡಿಕೊಂಡ.

ಮುಂದಿನ ಭಾನುವಾರ ಕಟಕಟೆಯೊಳಗೆ ಕೂತ. ಪುಸ್ತಕ ತೆರೆದ. ಗದ್ದ ಎತ್ತಿ ತುಟಿ ಆಡಿಸಿದ, ಗಂಟಲಿನಿಂದ ಉಸಿರನ್ನೂ ಬಿಡಲಿಲ್ಲ. ಗದ್ದ ಇಳಿಸಿದ. ಸಭೆ ಎದ್ದಿತು. ಮತ್ತೆ ಎತ್ತಿದ, ಇಳಿಸಿದ. ಬೆಳಗಿನ ಕೀರ್ತನೆಗಳೆಲ್ಲ ಹಾಗೇ ಮುಗಿದವು. ತನ್ನದೇ ಊರಿನ ಹಾಡು ತನ್ನ ತಲೆಯ ಮೇಲಿಂದ ಹಾದುಹೋಗುತ್ತಿರುವಾಗ ಅವನಿಗೆ ಅಳು ಬಂತು. ಅದನ್ನೂ ನುಂಗಿಕೊಂಡ. ನಮ್ಮವರ ಈ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ! ಕೇಳಿಸದ ದನಿಯನ್ನು ಕೇಳಿಸಿದ ಹಾಗೆ ಎತ್ತಿಕೊಳ್ಳೋದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟಿದ್ದಲ್ಲ, ಯಾರೂ ಕೂತು ಗೊತ್ತು ಮಾಡಿದ್ದೂ ಅಲ್ಲ. ಪಾಪ, ನೊಂದುಕೊಂಡಾನು ಅಂತ ಪ್ರತಿಯೊಬ್ಬರೂ ತಮ್ಮತಮ್ಮಷ್ಟಕ್ಕೆ ಮಾಡಿದ್ದು.

ಬಾಗಿಲಲ್ಲಿ ಫಿನ್ಲೆ ಬೆನ್ನು ತಟ್ಟಿದ. ಮನೆಯಲ್ಲಿ ಓಯ್ರಿಗ್ ಟೋಪಿಯ ಪಿನ್ನು ತೆಗೆಯುತ್ತಾ, ಕನ್ನಡಿಯಲ್ಲೇ ಅವನನ್ನು ನೋಡಿ ನಕ್ಕಳು.

"ಇವತ್ತು ಎಷ್ಟೋ ವಾಸಿ ಕಣೋ. ಹಿಂದಿನ ಬೆಂಚಿಗೂ ಕೇಳಿಸ್ತು ಅಂದಳು ಪೆಗಿ."

ನಾನು ದನಿಯೇ ತೆಗೆಯಲಿಲ್ಲ ಕಣೆ, ಅನ್ನೋ ಮಾತು ತುದಿನಾಲಿಗೆಗೆ ಬಂತು. ಅಂದುಬಿಟ್ಟರೆ? ಇವಳು ಪೆಗಿಯ ಮುಖ ನೋಡುವುದು ಹೇಗೆ, ಪೆಗಿ ಫಿನ್ಲೆಯ ಮುಖ ನೋಡುವುದು ಹೇಗೆ, ಇಡೀ ಸಭೆ ಮತ್ತೆ ಅವನೆದುರು ಬಾಯಿ ತೆರೆಯುವುದು ಹೇಗೆ?

"ಹೌದಾ?" ಅಂದ ಟೊರ್ಕಿಲ್. ಬರುವ ಭಾನುವಾರವೂ ಹೋಗಿ ಕೂರಬೇಕು, ಅದರ ಮುಂದಿನದಕ್ಕೂ, ಇವರೇ ತನ್ನ ಹೆಣ ಹೊತ್ತು ಹೊರಗೆ ತರುವವರೆಗೆ.