ವಿದೇಶ ಪುಟ

ಮೈಸೂರಿನ ಆ ಪತ್ರಿಕೆಗೆ ನಾವಿಬ್ಬರು ಹುಡುಗಿಯರೂ ಒಂದೇ ವಾರ ಸೇರಿದೆವು. ನನಗೆ ತಾಲ್ಲೂಕು ಪುಟ ಸಿಕ್ಕಿತು, ಅವಳಿಗೆ ವಿದೇಶ ಪುಟ. ಕೆ.ಆರ್. ಪೇಟೆಯ ಪುರಸಭೆ ಸಭೆಯಿಂದ ಯಾರು ಎದ್ದು ಹೋದರು, ಪಾಂಡವಪುರದ ಕಡೆ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಇವು ನನ್ನ ಪಾಲು. ಎದುರು ಮೇಜಿನಲ್ಲಿ ಅವಳು ಗಡಿ, ಯುದ್ಧ, ಪ್ರಧಾನಿಗಳ ಭೇಟಿ ಎಂದು ಮುಳುಗಿರುತ್ತಿದ್ದಳು. ಇಂಗ್ಲಿಷ್ ಸುದ್ದಿಗಳ ಅವಳ ಅನುವಾದ ನನ್ನದಕ್ಕಿಂತ ಚೆನ್ನಾಗಿದೆ ಎಂದು ಸಂಪಾದಕರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅವಳು ನಾಗಮಂಗಲದ ಕಡೆಯ ಬಿಂಡಿಗನವಿಲೆಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷ್ ಮೀಡಿಯಂ ಓದಿದ ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಅವಳು ಶ್ರೀರಂಗಪಟ್ಟಣದ ಗಂಜಾಂನಲ್ಲಿ ನಮ್ಮ ಬೀದಿಯಲ್ಲೇ ರೂಮು ಮಾಡಿಕೊಂಡಿದ್ದಳು. ಮಧ್ಯಾಹ್ನದ ಪಾಳಿಗೆ ಇಬ್ಬರೂ ಒಂದೇ ಬಸ್ಸಿಗೆ ಮೈಸೂರಿಗೆ ಹೋಗುತ್ತಿದ್ದೆವು. ನಮ್ಮಪ್ಪ ದೇವಸ್ಥಾನದ ಕಚೇರಿಯಿಂದ ನಿವೃತ್ತರಾದವರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವರು ಮೊದಲು ತೆಗೆಯುತ್ತಿದ್ದದ್ದು ಅವಳ ಪುಟ.

"ಎಷ್ಟು ನೇರವಾಗಿ ಬರೀತಾಳೆ ನೋಡು. ಪಕ್ಕದಲ್ಲಿ ಕೂತು ಹೇಳ್ದಂಗಿರುತ್ತೆ" ಅನ್ನುತ್ತಿದ್ದರು.

ಹಳೆಯ ಪೇಪರನ್ನು ಅಮ್ಮ ಸೊಪ್ಪು ಬಿಡಿಸಲು ಹಾಸಿಕೊಂಡಾಗ ಹೇಗೋ ನನ್ನ ಪುಟವೇ ಮೇಲೆ ಬರುತ್ತಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ ಬೇಕಿತ್ತು, ಅವಳು ಕೊಡಲಿಲ್ಲ. ಊರಿಗೆ ಹೋದಾಗಲೆಲ್ಲ ನಮ್ಮ ಮನೆಗೆ ಅವರೆಕಾಯಿ ತರುತ್ತಿದ್ದಳು. ಅದನ್ನು ಅಪ್ಪ ಕೈಯಾರೆ ಸುಲಿಯುತ್ತಿದ್ದದ್ದೂ ನನಗೆ ಸಹಿಸಲಾಗುತ್ತಿರಲಿಲ್ಲ.

ಎಲ್ಲೋ ದೂರದ ಎರಡು ದೇಶಗಳ ನಡುವೆ ಯುದ್ಧ ಶುರುವಾದ ಮೇಲೆ ಅವಳ ಸುದ್ದಿಗಳು ಮುಖಪುಟಕ್ಕೆ ಬಂದವು. ಒಂದು ಸಂಜೆ ಆಸ್ಪತ್ರೆಯೊಂದರ ಮೇಲೆ ಬಾಂಬು ಬಿದ್ದ ವರದಿ ಬಂತು. ಹಾಕಿದವರು ತಾವೇ ಎಂದು ಎರಡರಲ್ಲಿ ಒಂದು ದೇಶದ ಸೇನೆ ಒಪ್ಪಿಕೊಂಡಿತ್ತು. ಅವಳು ಶೀರ್ಷಿಕೆಯಲ್ಲಿ ಆ ದೇಶದ ಹೆಸರು ಹಾಕಿದಳು. ಸಂಪಾದಕರು ಅದನ್ನು ತೆಗೆದು 'ಆಸ್ಪತ್ರೆಯಲ್ಲಿ ಸ್ಫೋಟ: ಹಲವರ ಸಾವು' ಎಂದು ಮಾಡಿದರು. ಅವಳು ಎದ್ದು ಅವರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇದ್ದುದರಿಂದ ನಮಗೆಲ್ಲ ಕೇಳಿಸಿತು.

"ಸಾರ್, ಹೋದ್ವಾರ ಆ ಕಡೆಯೋರು ಬಾಂಬ್ ಹಾಕ್ದಾಗ ಅವ್ರ ಹೆಸ್ರು ದಪ್ಪಕ್ಷರದಲ್ಲಿ ಹಾಕುದ್ವಲ್ಲ?"

"ಅದು ಬೇರೆ ಕಣಮ್ಮ. ಇವರು ನಮ್ಮ ದೇಶಕ್ಕೆ ಬೇಕಾದವರು. ಓದೋರಿಗೂ ಹಿಡಿಸಲ್ಲ. ಮಾಲೀಕರ ಫೋನೂ ಬಂತು."

"ಅಂಗಾದ್ರೆ ನಮ್ಗೆ ಬೇಕಾದೋರು ಬಾಂಬ್ ಹಾಕುದ್ರೆ ಜನ ತಾವಾಗೇ ಸಾಯ್ತಾರೆ. ಬ್ಯಾಡದೋರು ಹಾಕುದ್ರೆ ಅವ್ರು ಸಾಯಿಸ್ತಾರೆ. ಅಲ್ವಾ ಸಾರ್?"

ಸಂಪಾದಕರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬರೀಬೇಡಿ ಅಂತ ಸರ್ಕಾರದೋರು ಯಾರೂ ಹೇಳಿಲ್ಲಮ್ಮ. ಆದ್ರೂ ನಾವೇ ಸ್ವಲ್ಪ ನೋಡ್ಕೊಂಡು ನಡೀಬೇಕಾಗುತ್ತೆ."

"ನೋಡ್ಕೊಂಡು ನಡ್ಯಾಕೆ ನನ್ ಕೈಲಾಗಕ್ಕಿಲ್ಲ ಸಾರ್. ಆ ಪುಟ ಬ್ಯಾರೇರಿಗೆ ಕೊಟ್ಬುಡಿ" ಎಂದು ಹೊರಗೆ ಬಂದಳು.

ಮಾರನೆಯ ದಿನ ವಿದೇಶ ಪುಟ ನನಗೆ ಬಂತು, ನನ್ನ ಪುಟ ಅವಳಿಗೆ ಹೋಯಿತು. ಅಷ್ಟು ದಿನ ಆಸೆಪಟ್ಟಿದ್ದು ಕೈಗೆ ಸಿಕ್ಕಿತ್ತು. ಆದರೆ ಟೀ ಹೊತ್ತಿನಲ್ಲಿ ಎಲ್ಲರೂ ಅವಳ ಮೇಜಿನ ಸುತ್ತ ನಿಂತಿದ್ದರು. ಪುಟ ವಿನ್ಯಾಸ ಮಾಡುವವರು ಅವಳ ಮಾತನ್ನು ಅವಳದೇ ಧಾಟಿಯಲ್ಲಿ ಹೇಳಿ ನಗುತ್ತಿದ್ದರು. ನನ್ನ ಹೊಸ ಪುಟದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ನನ್ನ ಹೊಟ್ಟೆಕಿಚ್ಚು ಮೊದಲು ಅವಳ ಪುಟದ ಮೇಲಿತ್ತು, ಈಗ ಅವಳು ಆಡಿದ ಮಾತಿನ ಮೇಲೆ ಬಂದು ಕೂತಿತು. ಅದೇ ಕೋಣೆಗೆ ನಾನೂ ಹೋಗಿದ್ದೆ, ರಜೆ ಕೇಳಲು, ಸಂಬಳ ಕೇಳಲು. ಇಂಥದ್ದೊಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಅಪ್ಪ ಒಂದು ಬೆಳಿಗ್ಗೆ ಪೇಪರು ಮಡಿಸಿಟ್ಟು, "ಯಾರು ಹೊಡೆದ್ರು ಅಂತಲೇ ಗೊತ್ತಾಗಲ್ವಲ್ಲ ಇದರಲ್ಲಿ" ಅಂದರು. ನನ್ನ ಪುಟವೆಂದು ಗೊತ್ತಿದ್ದೇ ಅಂದರು.

ಕೆಲವು ತಿಂಗಳಲ್ಲಿ ಅವಳು ಕೆಲಸ ಬಿಟ್ಟು ನಾಗಮಂಗಲದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡಲು ಹೊರಟಳು. ಅವಳ ಸಾಮಾನು ಕಟ್ಟುವಾಗ ನಾನು ತಡೆಯಲಾರದೆ ಕೇಳಿದೆ.

"ನಿನ್ನ ಪುಟ ನಾನು ತಗೊಂಡೆ ಅಂತ ಬೇಜಾರಿಲ್ವಾ ನಿಂಗೆ?"

"ಯಾಕಮ್ಮಿ ಬೇಜಾರು? ಯಾರಾರ ಮಾಡ್ಲೇಬೇಕಲ್ಲ" ಎಂದು ಹಾಸಿಗೆ ಸುತ್ತಿದಳು.

ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಹೋದ ಮೇಲೆ ನಾನೊಂದು ದಾರಿ ಹುಡುಕಿಕೊಂಡೆ. ಸಂಪಾದಕರು ಶೀರ್ಷಿಕೆ, ಮೊದಲ ಪ್ಯಾರಾ ಮಾತ್ರ ನೋಡಿ ಪುಟವನ್ನು ಅಚ್ಚಿಗೆ ಬಿಡುತ್ತಿದ್ದರು. ದಾಳಿ ಮಾಡಿದವರ ಹೆಸರನ್ನು ನಾನು ಮೂರನೇ ಪ್ಯಾರಾದಲ್ಲಿ ಹಾಕತೊಡಗಿದೆ. ಯಾರೂ ಕೇಳಲಿಲ್ಲ. ಅಪ್ಪನೂ ಅಲ್ಲಿಯವರೆಗೆ ಓದಿದಂತೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಅವಳ ಫೋನು ಬಂತು.

"ಮೂರ್ನೇ ಪ್ಯಾರಾ ನೋಡ್ದೆ ಕಣೇ. ಚೆನ್ನಾಗ್ ತುರುಕಿದ್ದೀಯ. ಇವತ್ತು ಕ್ಲಾಸಲ್ಲಿ ಅದುನ್ನೇ ಓದಿ ಹೇಳ್ದೆ."

ನನ್ನ ಮುಖ ಅರಳಿತು. "ಹುಡುಗರು ಏನಂದ್ರು?"

"ಇದುನ್ನ ಶೀರ್ಷಿಕೇಲೆ ಯಾಕೆ ಹಾಕಿಲ್ಲ ಅಂದ್ರು. ಒಬ್ಳು ಎದ್ದು, ಅಂಗೆ ಹಾಕುದ್ರೆ ಪೇಪರ್ ನಿಂತೋಯ್ತದೆ ಅಂದ್ಲು. ಬೆಲ್ ಹೊಡುದ್ರೂ ಜಗಳ ಬುಡ್ಲಿಲ್ಲ."

ಅವಳು ನಗುತ್ತಾ ಫೋನಿಟ್ಟಳು. ನಾನು ಯಾರಿಗೂ ಕಾಣದಂತೆ ಬರೆದಿದ್ದನ್ನು ಅವಳು ಒಂದು ಕೋಣೆ ತುಂಬ ಕೇಳುವ ಹಾಗೆ ಓದಿದ್ದಳು. ಆ ಜಗಳದಲ್ಲಿ ನಾನೂ ಇರಬೇಕಿತ್ತು ಎಂದು ತುಂಬಾ ಹೊತ್ತು ಅನ್ನಿಸುತ್ತಿತ್ತು.