ಬಚ್ಚಲ ಮೂಲೆಯ ಇರುವೆ ಸಾಲು

ಅನುಮಾನ ನನಗೆ ಹುಟ್ಟಿನಿಂದ ಬಂದ ಜಾಡ್ಯವಲ್ಲ. ಸಂಬಳ ಕೊಟ್ಟು ಕಲಿಸಿದ ವಿದ್ಯೆ. ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಮತ್ತು ಉಸ್ತುವಾರಿ ನೋಡುವವನು, ಆಗಿದ್ದೆ. ಕಾಫಿ ಹಣ್ಣಿನ ಚೀಲದೊಳಗೆ ಹಸಿಕಾಯಿ ಸೇರಿದೆಯೇ ಎಂದು ಕೈಹಾಕಿ ನೋಡುವುದು, ಕಣದಲ್ಲಿ ಹರವಿದ ಕಾಫಿ ನಿಜವಾಗಿ ಒಣಗಿದೆಯೇ ಎಂದು ಬೀಜ ಕಚ್ಚಿ ನೋಡುವುದು, ಇದೇ ಕಸುಬು. ಮೇಸ್ತ್ರಿ ಆಣೆ ಹಾಕಿದರೂ ನಾನು ಕಚ್ಚದೆ ನಂಬಿದವನಲ್ಲ. ನನ್ನ ನಾಲಿಗೆಯ ಬಗ್ಗೆ ಸಣ್ಣ ಜಂಬವೂ ಇತ್ತೆನ್ನಿ. ಕಾಫಿಗೆ ಚಿಟಿಕೆ ಚಿಕೋರಿ ಬಿದ್ದರೂ ಹೇಳಿಬಿಡುತ್ತೇನೆಂದು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನ ಹೆಂಡತಿ ಜಲಜಳ ಅಣ್ಣ, ಅಂದರೆ ನನ್ನ ಭಾವ, ಕಳಸದಿಂದ ಬಂದು ನಮ್ಮ ಕ್ವಾರ್ಟರ್ಸಿನಲ್ಲಿ ಹದಿನೈದು ದಿನ ಉಳಿದರು. ಅವರು ಬಂದ ಮೂರನೆಯ ಬೆಳಗ್ಗೆ ನೋಡುತ್ತೇನೆ, ಬಚ್ಚಲುಮನೆಯ ಮೂಲೆಯಲ್ಲಿ ಇರುವೆ ಸಾಲು! ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ಮೂಸಿಯೂ ನೋಡದೆ, ನೀರು ಹೋಗುವ ತೂತಿನ ಸುತ್ತ ಸಂತೆ ನೆರೆದಿದ್ದವು.

ಓಡಿಸಲು ಏನು ಮಾಡಲಿಲ್ಲ ಹೇಳಿ? ಅರಿಸಿನ ಉದುರಿಸಿದೆ. ಸೀಮೆಎಣ್ಣೆ ಚಿಮುಕಿಸಿದೆ. ಪೇಟೆಯಿಂದ ಇರುವೆ ಕೊಲ್ಲುವ ಸುಣ್ಣದ ಕಡ್ಡಿ ತಂದು ಗೆರೆ ಎಳೆದೆ. ಗೆರೆಯ ಹತ್ತಿರ ಬಂದು ಒಂದು ಗಳಿಗೆ ನಿಂತು, ಗೋಡೆ ಹತ್ತಿ, ಆಚೆ ಬದಿಯಲ್ಲಿ ಇಳಿದವು. ಜಲಜ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಕಾಫಿ ತೋಟದವರಿಗೆ ಒಂದು ಪಾಠ ಗೊತ್ತು. ಗಿಡಕ್ಕೆ ಇರುವೆ ಹತ್ತಿದರೆ ಇರುವೆಯನ್ನು ನೋಡಬಾರದು, ಎಲೆ ಮಗುಚಿ ನೋಡಬೇಕು. ಅಡಿಯಲ್ಲಿ ಹಸಿರು ತಿಗಣೆ ಎಂಬ ರಸ ಹೀರುವ ಹುಳು ಕೂತು ಸಿಹಿ ಅಂಟು ಒಸರುತ್ತಿರುತ್ತದೆ. ಇರುವೆ ಅದನ್ನು ಹಸು ಸಾಕಿದಂತೆ ಸಾಕಿಕೊಂಡಿರುತ್ತದೆ. ಹಾಗಾದರೆ ಬಚ್ಚಲಲ್ಲಿ ಸಿಹಿ ಎಲ್ಲಿಂದ ಬಂತು? ಉತ್ತರ ಹೊಳೆದಾಗ ಚೊಂಬು ಕೈಯಲ್ಲೇ ಉಳಿಯಿತು. ರಕ್ತಪರೀಕ್ಷೆ ಇಲ್ಲದ ಕಾಲದಲ್ಲಿ ನಮ್ಮ ಪಂಡಿತರು ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿಯೇ ಮಧುಮೇಹ ಎನ್ನುತ್ತಿದ್ದರಂತೆ. ಅಂದರೆ ಈ ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ! ನಮ್ಮಪ್ಪ ಅದರಲ್ಲೇ ಒಂದು ಕಾಲು ಕಳೆದುಕೊಂಡವರು. ಆ ಹೆಸರೆತ್ತಿದರೆ ಸಾಕು, ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಆದರೆ ಯಾರಿಗೆ? ಇದರಲ್ಲಿ ಯೋಚಿಸುವುದೇನಿದೆ! ಭಾವ ಬಂದರು, ಇರುವೆ ಬಂತು.

ಅವತ್ತಿನಿಂದ ಭಾವನ ಬೆನ್ನು ಬಿದ್ದೆ. ಎಷ್ಟು ಸಲ ಬಚ್ಚಲಿಗೆ ಎದ್ದು ಹೋಗುತ್ತಾರೆ, ಊಟವಾದ ಮೇಲೆ ಎಷ್ಟು ತೂಕಡಿಸುತ್ತಾರೆ, ಎಲ್ಲ ಗಮನಿಸಿದೆ. ಎಷ್ಟು ನೀರು ಕುಡಿಯುತ್ತಾರೆಂದು ಕಾಯುತ್ತ ಕೂತು ನಾನೇ ಎರಡು ಚೊಂಬು ಖಾಲಿ ಮಾಡುತ್ತಿದ್ದೆ. ಬೇಸಿಗೆಯಲ್ಲವೇ, ಬಾಯಾರುತ್ತದೆ. ಕೊನೆಗೊಂದು ದಿನ ಅವರು ಎರಡನೆಯ ಹೋಳಿಗೆಗೆ ಕೈಹಾಕಿದಾಗ ನನ್ನ ಮುಖ ನೋಡಿ ಕೇಳಿಯೇಬಿಟ್ಟರು:

"ಏನ್ ಮಾರಾಯ, ನನ್ ಎಲೆ ಮೇಲೇ ಕಣ್ಣಿಟ್ಟಿದೀಯಲ್ಲ?"

ಇರುವೆ ವಿಷಯ ಬಾಯಿಬಿಟ್ಟೆ. ಸಿಟ್ಟಾಗುತ್ತಾರೆ ಅಂದುಕೊಂಡರೆ, ಭಾವ ಆರಾಮಾಗಿ ಹೋಳಿಗೆ ಮುರಿದರು. "ಹೌದಾ? ಹಂಗಾದ್ರೆ ನಾಳೆನೇ ಮೂಡಿಗೆರೆಗೆ ಹೋಗಿ ರಕ್ತ ಕೊಟ್ಬಿಡಾಣ. ಆದ್ರೆ ನಂಗೆ ಸೂಜಿ ಅಂದ್ರೆ ಹೆದ್ರಿಕೆ ಮಾರಾಯ. ನೀನೂ ಕೈ ಚಾಚೋದಾದ್ರೆ ಬರ್ತೀನಿ."

ಇಷ್ಟು ಸಲೀಸಾಗಿ ಯಾರಾದರೂ ಒಪ್ಪುತ್ತಾರೆಯೇ? ಬೇರೆ ದಿನವಾಗಿದ್ದರೆ ಅನುಮಾನ ಪಡುತ್ತಿದ್ದೆ. ಅವತ್ತು ಗೆದ್ದ ಸಂತೋಷದಲ್ಲಿದ್ದೆ.

ಲ್ಯಾಬಿನ ಚೀಟಿಯಲ್ಲಿ ಭಾವನ ರಕ್ತಕ್ಕೆ ಯಾವ ದೋಷವೂ ಇರಲಿಲ್ಲ. ನನ್ನ ಚೀಟಿಗೆ ಕೆಂಪು ಗೆರೆ ಎಳೆದಿದ್ದರು. ನಿಜವಾಗಿ ಹೆದರಿದ್ದೆ. ವಾಪಸು ಬರುವಾಗ ಜೀಪಿನಲ್ಲಿ ಮತ್ತೆ ಮತ್ತೆ ನನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ಜಲಜ ಕಾಫಿ ತಂದಿಟ್ಟಳು. "ಇನ್ನು ಮೇಲೆ ಸಕ್ಕರೆ ಹಾಕಬೇಡ," ಎಂದೆ.

"ಹಾಕ್ದೆ ಇಪ್ಪತ್ತು ದಿನ ಆಯ್ತು," ಎಂದಳು.

ಎರಡು ತಿಂಗಳಿಂದ ಅರ್ಧರ್ಧ ಚಮಚವಾಗಿ ಇಳಿಸುತ್ತ ಬಂದಿದ್ದಳಂತೆ. ಚಿಟಿಕೆ ಚಿಕೋರಿ ಹಿಡಿಯುವ ನನ್ನ ನಾಲಿಗೆಗೆ ಅದು ಗೊತ್ತೇ ಆಗಿರಲಿಲ್ಲ!

"ಇರುವೆನ ನಾನು ಎರಡು ತಿಂಗಳ ಹಿಂದೇನೇ ನೋಡಿದ್ದೆ. ದಿನಾ ನೀವು ಏಳೋಕ್ ಮುಂಚೆ ಬಿಸಿನೀರು ಹುಯ್ದು ತೊಳೀತಿದ್ದೆ. ಅಣ್ಣನ್ನ ಕರೆಸ್ಕೊಂಡ್ಮೇಲೆ ತೊಳೆಯೋದು ಬಿಟ್ಟೆ."

"ನನಗೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಎದ್ದು ಹೋಗ್ತಿದ್ರಿ. ನಿಮಗೆ ನಿಮ್ಮ ಮೇಲೊಂದು ಬಿಟ್ಟು ಊರಿನವ್ರ ಮೇಲೆಲ್ಲ ಅನುಮಾನ. ಬೇರೆಯವ್ರ ಮೇಲಾದ್ರೆ ಲ್ಯಾಬ್ ತನಕ ಬಿಡಲ್ಲ ನೀವು." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತ್ತು. ಒಳಗೆ ಭಾವ ಹೋಳಿಗೆ ಡಬ್ಬಿ ಹುಡುಕುವ ಸದ್ದು ಕೇಳುತ್ತಿತ್ತು.

ಭಾವ ಕಳಸಕ್ಕೆ ಹೋದರು. ನಾನು ಮಾತ್ರೆ ನುಂಗುತ್ತ, ತೋಟದ ಏರು ಹತ್ತಿ ಇಳಿಯುತ್ತ ನಾಲ್ಕು ತಿಂಗಳು ಕಳೆದೆ. ಬಚ್ಚಲ ಮೂಲೆಯಲ್ಲಿ ಒಂದೇ ಒಂದು ಇರುವೆ ಇರಲಿಲ್ಲ. ಆದರೆ ನಾನು ಏಳುವಷ್ಟರಲ್ಲಿ ಅಲ್ಲಿ ನೆಲ ಒದ್ದೆಯಾಗಿರುತ್ತಿತ್ತು. ಇರುವೆ ಹೋದದ್ದು ಮಾತ್ರೆಗೋ, ಜಲಜಳ ಬಿಸಿನೀರಿಗೋ? ಒಂದು ದಿನ ಅವಳಿಗಿಂತ ಮುಂಚೆ ಎದ್ದು ನೋಡಿದ್ದರೆ ತಿಳಿಯುತ್ತಿತ್ತು. ನಾನು ಏಳಲಿಲ್ಲ. ಮೂಡಿಗೆರೆಯ ಲ್ಯಾಬಿಗೆ ಒಬ್ಬನೇ ಹೋಗಿ ಸೂಜಿಗೆ ಕೈ ಚಾಚಿ ಬಂದೆ.